ಜಮಖಾನದ ಎರಡು ತೂತು

ಹೆಲ್ಸಿಂಕಿಯ ಕಡಲಂಚು. ಎಪ್ಪತ್ತಮೂರರ ಜುಲೈ, ಭಾನುವಾರ.
ಊರವರೆಲ್ಲ ಬಟ್ಟೆ ಒಗೆಯುವ ಮರದ ಕಟ್ಟೆಯ ಮೇಲೆ
ಮಂಡಿಯೂರಿ ಅಮ್ಮ ಜಮಖಾನ ಉಜ್ಜುತ್ತಿದ್ದಳು.
ನನಗೆ ಹನ್ನೊಂದು.
ಬಕೆಟ್ಟು ತುಂಬುವುದು ನನ್ನ ಕೆಲಸ,
ಪೈನ್ ಸಾಬೂನಿನ ಡಬ್ಬಿ ಗಾಳಿಗೆ ಉರುಳದ ಹಾಗೆ
ಎರಡು ಪಾದದ ನಡುವೆ ಒತ್ತಿಹಿಡಿಯುವುದೂ.

ಮೇಲೆ, ಕೈವೊಪುಯಿಸ್ತೊ ಪಾರ್ಕಿನ ಇಳಿಜಾರಲ್ಲಿ,
ಪುಕ್ಕಟೆ ಸಂಗೀತ.
ಟಿಕೀಟಿಲ್ಲ, ಕುರ್ಚಿಯಿಲ್ಲ,
ಬಾಗಿಲೇ ಇಲ್ಲದಲ್ಲಿ ಬಾಗಿಲು ಕಾಯುವವನು ಎಲ್ಲಿಂದ?
ಹುಲ್ಲಿನ ತುಂಬ ಉದ್ದ ಕೂದಲು,
ನಾಯಿಗಳು, ಕೂಸಿನ ಗಾಡಿಗಳು, ಖಾಲಿ ಬಾಟಲಿ.
ಲಾರಿಯ ಬೆನ್ನೇ ರಂಗ.
ಗಿಟಾರು ಕಿರುಚಿದಾಗಲೆಲ್ಲ ಕಡಲಹಕ್ಕಿಗಳು
ಒಟ್ಟಿಗೆ ಎದ್ದು ಒಟ್ಟಿಗೆ ಬೈಯುತ್ತಿದ್ದವು.

“ತಗಡು ಬಡಿಯೋಕೆ ಭಾನುವಾರವೇ ಬೇಕಿತ್ತಾ”
ಅಂದಳು ಅಮ್ಮ.
ಅನ್ನುತ್ತಲೇ ಅವಳ ಬ್ರಷ್ಷು
ಅವರ ತಾಳಕ್ಕೇ ಹೋಗಿ ಬರುತ್ತಿತ್ತು.
ನಾನು ನೋಡಿದೆ. ನೋಡಿದ್ದನ್ನು ಹೇಳಲಿಲ್ಲ.

ಬರಿಗಾಲ ಹುಡುಗನೊಬ್ಬ ಬಂಡೆ ಹಾರಿ ಇಳಿದು ಬಂದ.
ಏದುಸಿರು. ಹರಿದ ಅಂಗಿ.
“ಡ್ರಮ್ಮು ಜಾರ್ತಿದೆ, ಅಮ್ಮಾ.
ಒಂದೊಂದು ಪೆಟ್ಟಿಗೂ ಒಂದೊಂದು ಅಂಗುಲ ಮುಂದೆ.
ಹೀಗೇ ಆದ್ರೆ ಮೂರನೇ ಹಾಡಿಗೆ
ಲಾರಿಯಿಂದ ಧುಮುಕುತ್ತೆ.
ಅಡಿಗೆ ಹಾಸೋಕೆ ಒಂದು ಒಣಗಿದ್ದು ಸಿಕ್ಕೀತಾ?”
ಹೆಸರು ಕೇಳಿದಳು. ಓಸ್ಮೊ.
ಯಾರ ಮಗ? ಕಲ್ಲಿಯೊದ ಬೇಕರಿಯವನ ಮಗ.
ಕೈ ತೋರಿಸು ಅಂದಳು.
ಅಂಗೈ ತುಂಬ ಒಡೆದ ಬೊಕ್ಕೆ.
ಅದರ ಪಕ್ಕ ತನ್ನ ಕೈ ಹಿಡಿದು ನೋಡಿಕೊಂಡಳು,
ವಾರಕ್ಕೆ ಆರು ರಾತ್ರಿ ಟ್ರಾಮು ತೊಳೆಯುವ ಕೈ.

ಒಣಗಿದ್ದು ಒಂದೇ. ನಡುಮನೆಯದು.
ಅಲ್ಲಿ ಹಳದಿ ಪಟ್ಟಿ ನನ್ನ ತೊಟ್ಟಿಲ ಹೊದಿಕೆ,
ಕೆಂಪು, ಅತ್ತೆ ಬಿಟ್ಟುಹೋದ ಪರದೆ,
ನಡುವೆ ಅಗಲವಾಗಿ ಬೂದುಬಣ್ಣ
ಅಪ್ಪನ ಮಿಲಿಟರಿ ಕೋಟು.
ಯುದ್ಧದಿಂದ ಬಂದವನು ಅದನ್ನು ಮೊಳೆಗೆ ನೇತುಹಾಕಿ
ಹದಿನೈದು ವರ್ಷ ಮುಟ್ಟಿರಲಿಲ್ಲ.
ಮುಟ್ಟದ್ದನ್ನು ಅಮ್ಮ ಕತ್ತರಿಸಿ ಮಗ್ಗಕ್ಕೆ ಹಾಕಿದ್ದಳು.

ಕೊಟ್ಟಳು. ಕೊಟ್ಟವಳು ನಂಬಬೇಕಲ್ಲ?
ಒದ್ದೆ ಏಪ್ರನ್ನಿನಲ್ಲೇ ಹಿಂದೆ ಹಿಂದೆ ಹತ್ತಿದಳು,
ನನ್ನನ್ನೂ ಎಳೆದುಕೊಂಡು.
ಜನ ಸರಿದು ಜಾಗ ಬಿಟ್ಟರು.
ಮೂಗಿಗೆ ಬಳೆ ಹಾಕಿದವಳೊಬ್ಬಳು
ಹಸಿ ಬಟಾಣಿಯ ಪೊಟ್ಟಣ ಚಾಚಿದಳು.
ಅಮ್ಮ ಕಾಯಿ ಸುಲಿಯುತ್ತ, ಬಾಯಿಗೆ ಹಾಕುತ್ತ
ಒಂದೂವರೆ ಗಂಟೆ ನೋಡಿದಳು.
“ಜಮಖಾನ ನೋಡ್ತಿದೀನಿ,” ಅಂದಳು,
ನಾನು ಕೇಳದೆಯೇ.

ಡ್ರಮ್ಮು ನಿಂತಿತು. ಭೂಮಿ ನಿಂತ ಹಾಗೆ.
ಪೆಟ್ಟು ಮಾತ್ರ ಹುಲ್ಲಿನ ಕೆಳಗಿಂದ ಹರಿದು
ನನ್ನ ಮೊಣಕಾಲಿಗೆ ಬಂದು ಸೇರಿತು.

ವಾಪಸು ಬಂದಾಗ ಅದರಲ್ಲಿ ಎರಡು ತೂತು,
ಡ್ರಮ್ಮಿನ ಕಬ್ಬಿಣದ ಮುಳ್ಳು ಊರಿದ ಕಡೆ.
ಎರಡೂ ಬೂದುಪಟ್ಟಿಯಲ್ಲೇ.
ಓಸ್ಮೊನನ್ನು ಅವಳು ಬೈದದ್ದು
ಮೈಕಿನಲ್ಲೂ ಕೇಳಿಸಿತಂತೆ.

ರಾತ್ರಿ ಹತ್ತು. ಇನ್ನೂ ಬಿಸಿಲು.
ಅಪ್ಪ ತೂತಿಗೆ ಕಾಲಿನ ಹೆಬ್ಬೆರಳು ತೂರಿಸಿ
ಸುಮಾರು ಹೊತ್ತು ಅಲ್ಲಾಡಿಸಿದ.
ಅಮ್ಮ ಸೂಜಿ ಹುಡುಕುತ್ತಿದ್ದಳು.
“ಮೂರು ವರ್ಷ ಕಾಡಲ್ಲಿ,” ಅಂದ,
“ಅಷ್ಟು ಜನ ಅಷ್ಟು ಗುಂಡು ಹಾರಿಸಿ
ಒಂದೂ ತಾಗಿಸಲಾಗದ ಕೋಟು.”
ಆಮೇಲೆ ನಕ್ಕ.
ಕೆಮ್ಮು ಬರುವ ತನಕ, ಕಣ್ಣು ಒರೆಸಿಕೊಳ್ಳುವ ತನಕ.
ಆ ಯುದ್ಧದ ಬಗ್ಗೆ ಅವನ ಬಾಯಿಂದ ನಾನು ಕೇಳಿದ್ದು ಇಷ್ಟೇ.
ಅಮ್ಮ ಸೂಜಿ ಡಬ್ಬಿಗೆ ಹಾಕಿ ಮುಚ್ಚಿದಳು.

ಮುಂದಿನ ಭಾನುವಾರ ತೊಳೆಯುವುದು ಏನೂ ಇರಲಿಲ್ಲ.
ಆದರೂ ಜಮಖಾನ ಸುರುಳಿ ಸುತ್ತಿ ಹೆಗಲಿಗೇರಿಸಿದಳು.
ಸಾಬೂನು? ಎಂದು ಕೇಳಿದೆ.
ಕಿವಿ ಕೇಳಿಸದವಳ ಹಾಗೆ
ಆಗಲೇ ಮೆಟ್ಟಿಲಿಳಿಯುತ್ತಿದ್ದಳು.